ಗಾಳಿಗೆ ಹೋಗದಿದ್ದರೆ ಎಲ್ಲಿಗೆ ಹೋಗುತ್ತದೆ?

ಈ ವರ್ಷದ ವಿಜ್ಞಾನ ವಸ್ತುಪ್ರದರ್ಶನದಲ್ಲಿ ನಮ್ಮ ತಂಡದ ಚಾರ್ಟ್ ನೋಡಿದವರಿಗೆ ನೆನಪಿರಬಹುದು. ಹಸಿರು ಕಾಗದ, ಮೂಲೆಯಲ್ಲೊಂದು ಎಲೆಯ ಚಿತ್ರ, ಮೇಲೆ ದಪ್ಪ ಅಕ್ಷರದಲ್ಲಿ ‘ಅಯಾನಿಕ ದ್ರವಗಳು: ನಾಳೆಯ ಹಸಿರು ದ್ರಾವಕಗಳು’ ಎಂಬ ಶೀರ್ಷಿಕೆ. ನಾಲ್ಕು ಜನ ಸೇರಿ ಎರಡು ರಾತ್ರಿ ಕೂತು ಬರೆದಿದ್ದೆವು. ಬಹುಮಾನ ಬರಲಿಲ್ಲ, ಅದಕ್ಕೆ ಬೇಸರವಿಲ್ಲ. ಆದರೆ ಆ ದಿನ ಒಬ್ಬರು ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತಾ ಹೋದ ಮೇಲೆ ನಮ್ಮ ಚಾರ್ಟಿನ ಶೀರ್ಷಿಕೆಯೇ ತಪ್ಪು ಅನ್ನಿಸಿತು. ಅದನ್ನು ಒಪ್ಪಿಕೊಳ್ಳುವುದಕ್ಕಾಗಿ ಈ ಲೇಖನ.

ಪ್ರಶ್ನೆ ಕೇಳಿದವರು ನನ್ನ ಅಬ್ಬು. ನಾನು ಈ ವಿಷಯ ಆರಿಸಿಕೊಂಡದ್ದಕ್ಕೂ ಅವರೇ ಕಾರಣ. ಅಬ್ಬು ಫರ್ನಿಚರ್ ಪಾಲಿಶ್ ಕೆಲಸ ಮಾಡುತ್ತಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಥಿನ್ನರ್ ಡಬ್ಬಿಯ ಪಕ್ಕದಲ್ಲೇ ಇರುತ್ತಾರೆ. ಮನೆಗೆ ಬಂದಾಗ ಅಂಗಿಯಿಂದ ಅದೇ ವಾಸನೆ. ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿ ಕೆಲಸ ಮಾಡಬೇಕಾದ ದಿನಗಳಲ್ಲಿ ತಲೆನೋವು ಎಂದು ಊಟ ಬಿಟ್ಟು ಮಲಗಿಬಿಡುತ್ತಾರೆ. ಥಿನ್ನರ್‌ನಲ್ಲಿ ಟಾಲುಯಿನ್‌ನಂತಹ ದ್ರಾವಕಗಳಿರುತ್ತವೆ. ಅವು ಬೇಗ ಆವಿಯಾಗುವುದರಿಂದಲೇ ಪಾಲಿಶ್ ಬೇಗ ಒಣಗುತ್ತದೆ. ಅದೇ ಆವಿ ಮನುಷ್ಯನ ಶ್ವಾಸಕೋಶಕ್ಕೂ ಹೋಗುತ್ತದೆ. ಹಾಗಾಗಿ ‘ಆವಿಯೇ ಆಗದ ದ್ರಾವಕ’ ಎಂದು ಮೊದಲ ಸಲ ಓದಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಪ್ರದರ್ಶನದ ದಿನ ಅಬ್ಬು ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದರು. ನಾನು ಬಾಯಿಪಾಠ ಮಾಡಿದ್ದನ್ನೆಲ್ಲ ಒಪ್ಪಿಸಿದೆ. ಕೈಕಟ್ಟಿ ನಿಂತು ಪೂರ್ತಿ ಕೇಳಿದರು. ಆಮೇಲೆ, ‘ಒಣಗದ್ದನ್ನು ಇಟ್ಟುಕೊಂಡು ನಾನು ಪಾಲಿಶ್ ಮಾಡುವುದು ಹೇಗಮ್ಮಾ?’ ಎಂದು ನಕ್ಕರು. ನಾನೂ ನಕ್ಕೆ. ‘ಇದು ಪಾಲಿಶ್‌ಗಲ್ಲ, ಕಾರ್ಖಾನೆಗಳಿಗೆ’ ಎಂದೆ. ಆಗ ಅವರು ಕೇಳಿದ್ದು ಇಷ್ಟೇ: ‘ಸರಿ, ಗಾಳಿಗೆ ಹೋಗುವುದಿಲ್ಲ ಎಂದರೆ ಮತ್ತೆಲ್ಲಿಗೆ ಹೋಗುತ್ತದೆ? ಕೆಲಸ ಮುಗಿದ ಮೇಲೆ ಪಾತ್ರೆ ತೊಳೆಯುತ್ತಾರಲ್ಲ?’

ನಾನು ಚಾರ್ಟ್ ಕಡೆ ತಿರುಗಿ ನೋಡಿದೆ. ಅಲ್ಲಿ ಅದು ಇರಲಿಲ್ಲ.

ಈ ಅಯಾನಿಕ ದ್ರವ ಎಂದರೇನು ಎಂಬುದನ್ನು ಮೊದಲು ಹೇಳಬೇಕು. ಅಡುಗೆ ಉಪ್ಪು ಕರಗಿ ದ್ರವವಾಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು ಎಂದು ನಾವು ಓದಿದ್ದೇವೆ. ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ಚಿಕ್ಕವು, ದುಂಡಗಿನವು. ಜೋಡಿಸಿಟ್ಟ ಇಟ್ಟಿಗೆಗಳಂತೆ ಬಿಗಿಯಾಗಿ ಕೂರುತ್ತವೆ. ಆದರೆ ಒಂದು ಅಯಾನು ದೊಡ್ಡದಾಗಿ, ಸೊಟ್ಟಗೆ, ಒಂದು ಕಡೆ ಬಾಲ ಇಟ್ಟುಕೊಂಡಿದ್ದರೆ? ಅವು ಸರಿಯಾಗಿ ಜೋಡಣೆಯಾಗುವುದಿಲ್ಲ. ಆಗ ಉಪ್ಪು ಸ್ವಲ್ಪ ಬಿಸಿಗೇ, ಕೆಲವೊಮ್ಮೆ ಕೋಣೆಯ ಬಿಸಿಯಲ್ಲೇ, ದ್ರವವಾಗಿರುತ್ತದೆ. 100 ಡಿಗ್ರಿಗಿಂತ ಕೆಳಗೆ ಕರಗುವ ಇಂತಹ ಲವಣಗಳಿಗೆ ಅಯಾನಿಕ ದ್ರವ ಎನ್ನುತ್ತಾರೆ. ಇವು ನೀರಿನಲ್ಲಿ ಕರಗಿಸಿದ ಉಪ್ಪಲ್ಲ, ಉಪ್ಪೇ ದ್ರವವಾಗಿರುವುದು. 1914ರಲ್ಲೇ ಪಾಲ್ ವಾಲ್ಡೆನ್ ಎಂಬ ರಸಾಯನ ವಿಜ್ಞಾನಿ ಸುಮಾರು 12 ಡಿಗ್ರಿಗೆ ಕರಗುವ ಇಥೈಲ್ ಅಮೋನಿಯಂ ನೈಟ್ರೇಟ್ ಬಗ್ಗೆ ಬರೆದಿದ್ದರು. ಆಗ ಯಾರೂ ಹೆಚ್ಚು ಗಮನ ಕೊಡಲಿಲ್ಲ. 1992ರಲ್ಲಿ ವಿಲ್ಕ್ಸ್ ಮತ್ತು ಝವೊರೊಟ್ಕೊ ಎಂಬ ಇಬ್ಬರು ಗಾಳಿ, ನೀರು ತಾಗಿದರೂ ಕೆಡದಂತಹ ಇಮಿಡಜೋಲಿಯಂ ಲವಣಗಳನ್ನು ತಯಾರಿಸಿದ ಮೇಲೆ ಇವುಗಳ ಓಟ ಶುರುವಾಯಿತು.

ಆ ಹೊತ್ತಿಗೆ ‘ಹಸಿರು ರಸಾಯನಶಾಸ್ತ್ರ’ ಎಂಬ ಮಾತೂ ಬಲ ಪಡೆಯುತ್ತಿತ್ತು. ಪಾಲ್ ಅನಾಸ್ಟಾಸ್ ಮತ್ತು ಜಾನ್ ವಾರ್ನರ್ ಅದರ 12 ತತ್ವಗಳನ್ನು 1998ರಲ್ಲಿ ಪುಸ್ತಕವಾಗಿ ತಂದರು. ಆವಿಯಾಗುವ, ಬೆಂಕಿ ಹಿಡಿಯುವ ದ್ರಾವಕಗಳ ಬದಲಿಗೆ ಏನಿದೆ ಎಂದು ಎಲ್ಲರೂ ಹುಡುಕುತ್ತಿದ್ದಾಗ ಅಯಾನಿಕ ದ್ರವಗಳು ಕಣ್ಣಿಗೆ ಬಿದ್ದವು. ಮಾಮೂಲಿ ಬಿಸಿಯಲ್ಲಿ ಅವು ಆವಿಯಾಗುವುದಿಲ್ಲ ಎಂದೇ ಹೇಳಬಹುದು. ವಾಸನೆ ಕಡಿಮೆ, ಬೆಂಕಿಯ ಭಯ ಕಡಿಮೆ. ಹಾಗಾಗಿ ‘ಹಸಿರು ದ್ರಾವಕ’ ಎಂಬ ಬಿರುದು ಸಿಕ್ಕಿತು. ಅದನ್ನೇ ನಾವು ಚಾರ್ಟಿಗೆ ಇಳಿಸಿದ್ದು.

ಜೀವರಸಾಯನ ಎಂಜಿನಿಯರಿಂಗ್‌ನವರಿಗೂ ಇದು ಹಿಡಿಸಿತು. ಅವರ ಕೆಲಸದಲ್ಲಿ ಕಾರ್ಖಾನೆಯ ಕೂಲಿಗಳು ಬ್ಯಾಕ್ಟೀರಿಯಾ, ಯೀಸ್ಟ್ ಮತ್ತು ಕಿಣ್ವಗಳು. ಈ ಕೂಲಿಗಳಿಗೆ ಟಾಲುಯಿನ್ ಆಗಿಬರುವುದಿಲ್ಲ. 2000ದಲ್ಲಿ ಬ್ರಿಟನ್ನಿನ ಒಂದು ತಂಡ ರೋಡೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಒಂದು ರಾಸಾಯನಿಕ ಬದಲಾವಣೆ ಮಾಡಿಸುವಾಗ ಟಾಲುಯಿನ್ ತೆಗೆದು ಅದರ ಜಾಗದಲ್ಲಿ ಅಯಾನಿಕ ದ್ರವ ಹಾಕಿ ನೋಡಿತು. ಬ್ಯಾಕ್ಟೀರಿಯಾದ ಕೆಲಸದ ವೇಗ ಹತ್ತಿರ ಹತ್ತಿರ ಹತ್ತು ಪಟ್ಟು ಹೆಚ್ಚಾಗಿತ್ತು. ಇದನ್ನು ಓದಿದಾಗ ನನಗೆ ಅಬ್ಬುವಿನ ನೆನಪೇ ಬಂತು. ಟಾಲುಯಿನ್ ತೆಗೆದರೆ ಕೆಲಸಗಾರ ಚೇತರಿಸಿಕೊಳ್ಳುತ್ತಾನೆ ಎಂದು ಸಂತೋಷಪಟ್ಟೆ.

ಆದರೆ ಮುಂದಿನ ಪುಟವೂ ಇದೆ. ಆ ಪ್ರಯೋಗದಲ್ಲಿ ಬಳಸಿದ ದ್ರವದ ಋಣ ಅಯಾನು ಹೆಕ್ಸಾಫ್ಲೋರೊಫಾಸ್ಫೇಟ್. ಇದು ನೀರಿನೊಂದಿಗೆ ಸೇರಿ ಒಡೆದಾಗ ಹೈಡ್ರೊಫ್ಲೋರಿಕ್ ಆಮ್ಲ ಹುಟ್ಟಬಹುದು. ಗಾಜನ್ನೇ ಕೊರೆಯುವ ಆಮ್ಲ ಅದು. 2003ರಲ್ಲಿ ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ರಾಬಿನ್ ರೋಜರ್ಸ್ ತಂಡ ಇದನ್ನು ಪ್ರಕಟಿಸಿ, ಅಯಾನಿಕ ದ್ರವಗಳು ಯಾವಾಗಲೂ ಹಸಿರಾಗಿರುವುದಿಲ್ಲ ಎಂದು ಎಚ್ಚರಿಸಿತು. ಇದೇ ರೋಜರ್ಸ್ ಒಂದು ವರ್ಷದ ಹಿಂದೆ ಅಯಾನಿಕ ದ್ರವದಲ್ಲಿ ಸೆಲ್ಯುಲೋಸ್ ಕರಗುತ್ತದೆ ಎಂದು ತೋರಿಸಿ ಹೆಸರಾದವರು. ತಾವೇ ಮುಂದೆ ನಿಂತು ಬೆಳೆಸಿದ ವಿಷಯದ ದೋಷವನ್ನು ತಾವೇ ಬರೆದರು. ನನಗೆ ಇದು ಬಹಳ ಇಷ್ಟವಾಯಿತು. 2006ರಲ್ಲಿ ಇನ್ನೊಂದು ತಂಡ, ಕಡಿಮೆ ಒತ್ತಡದಲ್ಲಿ ಹೆಚ್ಚು ಬಿಸಿ ಕೊಟ್ಟರೆ ಕೆಲವು ಅಯಾನಿಕ ದ್ರವಗಳು ಆವಿಯೂ ಆಗುತ್ತವೆ ಎಂದು ತೋರಿಸಿತು. ಅಂದರೆ ‘ಆವಿಯಾಗುವುದೇ ಇಲ್ಲ’ ಎಂಬ ನಮ್ಮ ಚಾರ್ಟಿನ ಎರಡನೆಯ ಸಾಲು ಕೂಡ ಪೂರ್ತಿ ನಿಜವಲ್ಲ.

ಇನ್ನು ಅಬ್ಬುವಿನ ಪ್ರಶ್ನೆಗೆ ಬರೋಣ. ಗಾಳಿಗೆ ಹೋಗದ, ನೀರಿನಲ್ಲಿ ಕರಗುವ ವಸ್ತು ತೊಳೆದ ನೀರಿನ ಜೊತೆ ಹೋಗುತ್ತದೆ. ನೀರಿನಲ್ಲಿ ಜೀವಕೋಶಗಳಿವೆ. ಪಾಚಿ, ಬ್ಯಾಕ್ಟೀರಿಯಾ, ನೀರುಚಿಗಟ, ಮೀನು. ಆದ್ದರಿಂದ ಕೇಳಬೇಕಾದದ್ದು ಜೀವಕೋಶವನ್ನೇ.

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಅವರ 1972ರ ಮಾದರಿ ಓದಿದ್ದು ನೆನಪಿದೆಯೇ? ಕೋಶದ ಪೊರೆ ಎಂದರೆ ಎರಡು ಪದರ ಕೊಬ್ಬಿನ ಅಣುಗಳು. ತಲೆಗಳು ನೀರಿನ ಕಡೆ, ಬಾಲಗಳು ಒಳಗಡೆ. ಪರೀಕ್ಷೆಗೆ ಚಿತ್ರ ಬರೆದು ಮರೆತುಬಿಟ್ಟಿದ್ದೆ. ಈಗ ಆ ಚಿತ್ರದ ಪಕ್ಕದಲ್ಲಿ ಒಂದು ಇಮಿಡಜೋಲಿಯಂ ಅಯಾನು ಬರೆದು ನೋಡಿ. ಅದಕ್ಕೂ ಧನ ವಿದ್ಯುದಂಶದ ತಲೆ, ಇಂಗಾಲದ ಬಾಲ. ಪೊರೆಯ ಹೊರಮೈಯಲ್ಲಿ ಋಣ ವಿದ್ಯುದಂಶ ಹೆಚ್ಚಿರುವುದರಿಂದ ತಲೆ ಅಲ್ಲಿ ಹೋಗಿ ಅಂಟಿಕೊಳ್ಳುತ್ತದೆ. ಬಾಲ ಕೊಬ್ಬಿನ ಪದರದೊಳಗೆ ನುಗ್ಗುತ್ತದೆ. ಪೊರೆಯ ಜೋಡಣೆ ಸಡಿಲವಾಗುತ್ತದೆ. ಕೋಶದೊಳಗೆ ಇರಬೇಕಾದದ್ದು ಹೊರಗೆ ಸೋರುತ್ತದೆ. ಪೊರೆ ದಾಟಿ ಒಳಗೆ ಹೋದರೆ ಮೈಟೊಕಾಂಡ್ರಿಯಾದ ಕೆಲಸಕ್ಕೂ ಅಡ್ಡಿಯಾಗಬಹುದು.

ಬಾಲದ ಉದ್ದವೇ ಇಲ್ಲಿ ಮುಖ್ಯ. ಎರಡು ಇಂಗಾಲದ ಬಾಲವಿರುವ ದ್ರವ ಅಷ್ಟೇನೂ ಕಾಟ ಕೊಡುವುದಿಲ್ಲ. ನಾಲ್ಕು, ಆರು, ಎಂಟು ಎಂದು ಬಾಲ ಉದ್ದವಾದಂತೆ ವಿಷವೂ ಏರುತ್ತದೆ. ಒಂದು ಹಂತದ ಮೇಲೆ ಈ ಏರಿಕೆ ನಿಲ್ಲುತ್ತದೆ. ಜರ್ಮನಿಯ ಬ್ರೆಮೆನ್ ವಿಶ್ವವಿದ್ಯಾಲಯದವರು 2004ರಲ್ಲಿ ಬೆಳಕು ಸೂಸುವ ಸಮುದ್ರದ ಬ್ಯಾಕ್ಟೀರಿಯಾದ ಮೇಲೂ ಇಲಿಯ ರಕ್ತ ಕ್ಯಾನ್ಸರ್ ಕೋಶಗಳ ಮೇಲೂ ಇದನ್ನು ಪರೀಕ್ಷಿಸಿ ತೋರಿಸಿದರು. ನೀರುಚಿಗಟ, ಪಾಚಿಗಳ ಮೇಲೆ ಬೇರೆಯವರು ಮಾಡಿದ ಪರೀಕ್ಷೆಗಳಲ್ಲೂ ಇದೇ ಕಂಡಿತು. ಅದೇ ಬಾಲದ ನಡುವೆ ಒಂದು ಆಮ್ಲಜನಕ ಪರಮಾಣು ಸೇರಿಸಿದರೆ ಅಥವಾ ತುದಿಗೆ ಒಂದು ಹೈಡ್ರಾಕ್ಸಿಲ್ ಗುಂಪು ಹಾಕಿದರೆ ವಿಷ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಏಕೆಂದರೆ ಆ ಬಾಲಕ್ಕೆ ಕೊಬ್ಬಿಗಿಂತ ನೀರೇ ಹೆಚ್ಚು ಹಿತ.

ಈ ತಲೆ–ಬಾಲದ ಕಥೆ ನಮಗೆ ಹೊಸದೇನಲ್ಲ. ಅಕ್ಕನ ಹಳೆಯ ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಪುಸ್ತಕದಲ್ಲಿ ‘ನಿತ್ಯಜೀವನದಲ್ಲಿ ರಸಾಯನಶಾಸ್ತ್ರ’ ಎಂಬ ಪಾಠವಿತ್ತು. ಈಗಿನ ಪಠ್ಯದಿಂದ ಅದನ್ನು ತೆಗೆದಿದ್ದಾರೆ. ಅದರಲ್ಲಿ ಸಿಟೈಲ್ ಟ್ರೈಮಿಥೈಲ್ ಅಮೋನಿಯಂ ಬ್ರೋಮೈಡ್ ಎಂಬ ಮಾರ್ಜಕದ ವಿಷಯ ಬರುತ್ತದೆ. ಕೂದಲಿಗೆ ಹಚ್ಚುವ ಕಂಡೀಷನರ್‌ನಲ್ಲಿ ಇರುವಂಥದ್ದು, ರೋಗಾಣುಗಳನ್ನೂ ಕೊಲ್ಲುವಂಥದ್ದು. ಅದಕ್ಕೂ ಧನ ತಲೆ, 16 ಇಂಗಾಲದ ಬಾಲ. ಉದ್ದ ಬಾಲದ ಅಯಾನಿಕ ದ್ರವ ಇದರ ಹತ್ತಿರದ ಸಂಬಂಧಿ. ಆ ಪಾಠ ಓದಿದ್ದರೆ ನಮ್ಮ ಚಾರ್ಟಿನ ಮೇಲೆ ಎಲೆಯ ಚಿತ್ರ ಬಿಡಿಸುವ ಮುಂಚೆ ನನಗೇ ಸಂಶಯ ಬರುತ್ತಿತ್ತೋ ಏನೋ.

ಈ ವಿಷ ಕಾರ್ಖಾನೆಯ ಒಳಗೇ ತೊಂದರೆ ಕೊಟ್ಟ ಒಂದು ಉದಾಹರಣೆ ಇದೆ. ಹುಲ್ಲು, ಮರದ ಚೂರಿನಿಂದ ಇಂಧನ ತೆಗೆಯಬೇಕಾದರೆ ಅದರೊಳಗಿನ ಸೆಲ್ಯುಲೋಸನ್ನು ಮೊದಲು ಬಿಡಿಸಬೇಕು. ಆಮೇಲೆ ಕಿಣ್ವಗಳು ಅದನ್ನು ಕತ್ತರಿಸಿ ಗ್ಲೂಕೋಸ್ ಮಾಡುತ್ತವೆ. ಆ ಸಕ್ಕರೆ ತಿಂದು ಯೀಸ್ಟ್ ಅಥವಾ ಇ. ಕೋಲಿ ಬ್ಯಾಕ್ಟೀರಿಯಾ ಇಂಧನ ತಯಾರಿಸುತ್ತವೆ. ಸೆಲ್ಯುಲೋಸ್ ಬಿಡಿಸುವ ಮೊದಲ ಹಂತಕ್ಕೆ ಅಯಾನಿಕ ದ್ರವ ಬಹಳ ಒಳ್ಳೆಯದು. ಕ್ಯಾಲಿಫೋರ್ನಿಯಾದ ಜಾಯಿಂಟ್ ಬಯೋಎನರ್ಜಿ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ತೊಡಕು ಏನೆಂದರೆ, ಸಕ್ಕರೆಯ ಜೊತೆ ಸ್ವಲ್ಪ ಅಯಾನಿಕ ದ್ರವವೂ ಉಳಿದುಬಿಡುತ್ತದೆ. ಆ ಸ್ವಲ್ಪವೇ ಮುಂದಿನ ಹಂತದ ಯೀಸ್ಟ್, ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆ. ಅನ್ನ ಬೇಯಿಸಿ ಬಡಿಸಿದ ಕೈಯೇ ಅದರಲ್ಲಿ ವಿಷ ಬೆರೆಸಿದಂತೆ.

ಇದಕ್ಕೆ ಮೂರು ದಾರಿಗಳಿವೆ. ಮೂರನ್ನೂ ವಿಜ್ಞಾನಿಗಳು ಪ್ರಯತ್ನಿಸಿದ್ದಾರೆ.

ಮೊದಲನೆಯದು, ಚೆನ್ನಾಗಿ ತೊಳೆಯುವುದು. ಆದರೆ ತೊಳೆಯಲು ನೀರು ಬೇಕು. ತೊಳೆದಷ್ಟೂ ಕೊಳೆನೀರು ಹೆಚ್ಚು.

ಎರಡನೆಯದು, ಕೆಲಸಗಾರನನ್ನೇ ಗಟ್ಟಿ ಮಾಡುವುದು. ಪೋರ್ಟೊರಿಕೊದ ಮಳೆಕಾಡಿನ ಮಣ್ಣಿನಲ್ಲಿ ಅಯಾನಿಕ ದ್ರವವನ್ನು ತಾಳಿಕೊಳ್ಳುವ ಎಂಟರೊಬ್ಯಾಕ್ಟರ್ ಜಾತಿಯ ಒಂದು ಬ್ಯಾಕ್ಟೀರಿಯಾ ಸಿಕ್ಕಿತ್ತು. ಅದರ ಪೊರೆಯಲ್ಲಿ ಒಂದು ಪಂಪು ಇದೆ. ಒಳಗೆ ಬಂದ ವಿಷವನ್ನು ಅದು ಹೊರಗೆ ತಳ್ಳುತ್ತದೆ. ಅದರ ಜೀನನ್ನು, ಜೊತೆಗೆ ಅದನ್ನು ಬೇಕಾದಾಗ ಮಾತ್ರ ಚಾಲೂ ಮಾಡುವ ಇನ್ನೊಂದು ಜೀನನ್ನೂ, ಇ. ಕೋಲಿಗೆ ಸೇರಿಸಿದಾಗ ಅದೂ ತಾಳಿಕೊಂಡಿತು. 2014ರಲ್ಲಿ ಇದು ಪ್ರಕಟವಾಯಿತು. ಎಷ್ಟು ಜಾಣತನದ ಕೆಲಸ ಎಂದು ಓದುತ್ತಾ ಬೆರಗಾದೆ. ಆದರೆ ಒಂದು ಮಾತು ಗಮನಿಸಬೇಕು. ಆ ಪಂಪು ವಿಷವನ್ನು ಹೊರಗೆ ಹಾಕುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ವಿಷ ಪಾತ್ರೆಯಲ್ಲೇ ಉಳಿಯುತ್ತದೆ. ಅಬ್ಬುವಿಗೆ ಒಳ್ಳೆಯ ಮಾಸ್ಕ್ ಕೊಡಿಸಿದರೆ ಅವರು ಬಚಾವಾಗುತ್ತಾರೆ. ಕೋಣೆಯ ಗಾಳಿ ಮಾತ್ರ ಹಾಗೆಯೇ ಇರುತ್ತದೆ, ಪಕ್ಕದಲ್ಲಿ ಚಹಾ ತಂದುಕೊಡುವ ಹುಡುಗ ಅದನ್ನೇ ಉಸಿರಾಡುತ್ತಾನೆ. ಮಾಸ್ಕ್ ಬೇಡ ಎನ್ನುತ್ತಿಲ್ಲ, ಅಷ್ಟಕ್ಕೇ ನಿಲ್ಲಬಾರದು ಎನ್ನುತ್ತಿದ್ದೇನೆ.

ಮೂರನೆಯದು, ದ್ರವವನ್ನೇ ಬದಲಿಸುವುದು. ಇಮಿಡಜೋಲಿಯಂ ಬದಲು ಕೋಲಿನ್ ಎಂಬ ಧನ ಅಯಾನು, ಅದರ ಜೊತೆಗೆ ಲೈಸಿನ್‌ನಂತಹ ಅಮೈನೊ ಆಮ್ಲ. ಕೋಲಿನ್ ನಮ್ಮ ಕೋಶಪೊರೆಯ ಕೊಬ್ಬಿನಲ್ಲೇ ಇರುವ ಅಂಶ, ಮೊಟ್ಟೆಯ ಹಳದಿಯಲ್ಲೂ ಇದೆ. ಇಂತಹ ದ್ರವಗಳು ಹುಲ್ಲು–ಮರವನ್ನೂ ಬಿಡಿಸುತ್ತವೆ, ಕೋಶಗಳಿಗೂ ಅಷ್ಟು ಕಾಟ ಕೊಡುವುದಿಲ್ಲ ಎಂದು ಅದೇ ಸಂಸ್ಥೆಯವರು ತೋರಿಸಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಈ ಮೂರನೆಯ ದಾರಿಯೇ ಹೆಚ್ಚು ಪ್ರಾಮಾಣಿಕ. ಏಕೆಂದರೆ ಇದರಲ್ಲಿ ಮೊದಲು ಜೀವಕೋಶವನ್ನು ಕೇಳಿ, ಆಮೇಲೆ ದ್ರವವನ್ನು ಆರಿಸುತ್ತಾರೆ. ಮೊದಲ ಎರಡು ದಾರಿಗಳಲ್ಲಿ ದ್ರವ ಮೊದಲೇ ನಿಗದಿಯಾಗಿರುತ್ತದೆ, ಉಳಿದವರು ಹೊಂದಿಕೊಳ್ಳಬೇಕು.

ಪ್ರಯೋಗಾಲಯದ ಹೊರಗೂ ಈ ಮಾತು ತಲುಪಿದೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು ಪಿತ್ತನಾಳಗಳ ಒಂದು ಕಾಯಿಲೆಯ ಕಾರಣ ಹುಡುಕುತ್ತಿದ್ದರು. ದೇಹದ ರಕ್ಷಣಾ ವ್ಯವಸ್ಥೆಯೇ ಯಕೃತ್ತಿನೊಳಗಿನ ಚಿಕ್ಕ ಪಿತ್ತನಾಳಗಳ ಮೇಲೆ ದಾಳಿ ಮಾಡುವ ಕಾಯಿಲೆ ಅದು. ಕಸ ತುಂಬುವ ಒಂದು ಜಾಗದ ಸುತ್ತಲಿನ ಮಣ್ಣನ್ನು ಅವರು ಪರೀಕ್ಷಿಸಿದಾಗ ಅದರಲ್ಲಿ ಎಂಟು ಇಂಗಾಲದ ಬಾಲವಿರುವ ಇಮಿಡಜೋಲಿಯಂ ಅಯಾನು ಸಿಕ್ಕಿತು. ಪ್ರಯೋಗಾಲಯದಲ್ಲಿ ಅದು ಯಕೃತ್ತಿನ ಕೋಶಗಳನ್ನು ಸಾಯಿಸಿತು. 2018ರಲ್ಲಿ ಅವರು ಇದನ್ನು ಪ್ರಕಟಿಸಿದರು. ಈ ಅಯಾನಿನಿಂದಲೇ ಆ ಕಾಯಿಲೆ ಬರುತ್ತದೆ ಎಂದು ಸಾಬೀತಾಗಿಲ್ಲ. ಕಾರಣ ಇರಬಹುದೆಂಬ ಸಂಶಯ ಮಾತ್ರ, ಅದನ್ನು ಅವರು ಸ್ಪಷ್ಟವಾಗಿಯೇ ಹೇಳಿದ್ದಾರೆ. ಆದರೆ ‘ಎಲ್ಲಿಗೆ ಹೋಗುತ್ತದೆ?’ ಎಂಬ ಪ್ರಶ್ನೆಗೆ ಒಂದು ಉತ್ತರವಂತೂ ಸಿಕ್ಕಿತು. ಮಣ್ಣಿಗೆ ಹೋಗಿದೆ.

ಹಾಗಾದರೆ ಅಯಾನಿಕ ದ್ರವಗಳನ್ನೇ ಕೈಬಿಡಬೇಕೇ? ಈ ಲೇಖನದ ಕರಡು ಓದಿದ ಗೆಳತಿಯೊಬ್ಬಳು ಹಾಗೇ ಕೇಳಿದಳು. ‘ನೋಡಿದೆಯಾ, ಕೆಮಿಕಲ್ ಅಂದರೇ ವಿಷ’ ಎಂದಳು. ಇದನ್ನು ನಾನು ಒಪ್ಪುವುದಿಲ್ಲ. ವಿಜ್ಞಾನ ವಿಭಾಗದಲ್ಲಿ ಕೂತು ಈ ಮಾತು ಆಡಬಾರದು. ನೀರೂ ಕೆಮಿಕಲ್ಲೇ, ಅಬ್ಬು ಉಸಿರಾಡುವ ಟಾಲುಯಿನ್ನೂ ಕೆಮಿಕಲ್ಲೇ. ಒಂದು ವಸ್ತುವಿನ ಒಳಿತು ಕೆಡುಕು ಅದರ ರಚನೆ, ಪ್ರಮಾಣ ಮತ್ತು ಅದು ತಲುಪುವ ಜಾಗದ ಮೇಲೆ ನಿಂತಿದೆ. ಪೊರೆಯನ್ನು ಸಡಿಲಿಸುವ ಅದೇ ಗುಣವನ್ನು ಔಷಧಿಗೂ ಬಳಸಬಹುದು. ಹಾರ್ವರ್ಡ್‌ನಲ್ಲಿರುವ ಭಾರತೀಯ ಮೂಲದ ವಿಜ್ಞಾನಿ ಸಮೀರ್ ಮಿತ್ರಗೋತ್ರಿ ಅವರ ತಂಡ ಕೋಲಿನ್ ಮತ್ತು ಜೆರಾನಿಕ್ ಆಮ್ಲದಿಂದ ಒಂದು ಅಯಾನಿಕ ದ್ರವ ಮಾಡಿದೆ. ಅದು ಚರ್ಮದ ಮೂಲಕ ಔಷಧಿಯನ್ನು ಒಳಗೆ ಕಳಿಸುತ್ತದೆ, ಹಟಮಾರಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. 2018ರಲ್ಲಿ ಇದರೊಂದಿಗೆ ಇನ್ಸುಲಿನ್ ಬೆರೆಸಿ ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟಾಗ ರಕ್ತದ ಸಕ್ಕರೆ ಇಳಿಯಿತು. ಇನ್ನೂ ಇಲಿಯ ಹಂತದ ಮಾತು ಇದು. ಆದರೂ ದಿನಾ ಸೂಜಿ ಚುಚ್ಚಿಕೊಳ್ಳುವ ನಮ್ಮ ನಾನಿಯಂತಹವರಿಗೆ ಇದು ಎಷ್ಟು ದೊಡ್ಡ ಮಾತು ಎಂದು ನನಗೆ ಗೊತ್ತು.

ಈ ಉದಾಹರಣೆಯಲ್ಲಿ ಇನ್ನೊಂದು ಪಾಠವೂ ಇದೆ. ಕೋಲಿನ್ ಇದೆ ಎಂದಾಕ್ಷಣ ದ್ರವ ನಿರಪಾಯಕಾರಿ ಎಂದುಕೊಳ್ಳುವಂತಿಲ್ಲ. ಲೈಸಿನ್ ಜೊತೆ ಸೇರಿದಾಗ ಕೋಶವನ್ನು ಬದುಕಲು ಬಿಡುವ ಕೋಲಿನ್, ಬೇರೆ ಜೋಡಿಯೊಂದಿಗೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ‘ಹಸಿರು’ ಎಂಬ ಚೀಟಿ ಕಿತ್ತು ‘ಜೈವಿಕ’ ಎಂಬ ಚೀಟಿ ಅಂಟಿಸಿದರೆ ನಾವು ಮತ್ತೆ ಅದೇ ತಪ್ಪು ಮಾಡಿದಂತೆ.

ನಮ್ಮ ಮನೆಗಳಲ್ಲಿ ಒಂದು ಒಳ್ಳೆಯ ಅಭ್ಯಾಸವಿದೆ. ಅಂಗಡಿಯಿಂದ ಜೆಲ್ಲಿ, ಚಾಕೊಲೇಟ್, ಬಿಸ್ಕತ್ತು ತಂದರೆ ಅಮ್ಮಿ ಪೊಟ್ಟಣ ಒಡೆಯುವ ಮುಂಚೆ ಅದನ್ನು ತಿರುಗಿಸಿ ನೋಡುತ್ತಾರೆ. ಜೆಲಾಟಿನ್ ಇದೆಯೇ? ಇದ್ದರೆ ಯಾವುದರದ್ದು? ಎದುರಿನ ಚಂದದ ಚಿತ್ರಕ್ಕೆ ಅವರು ಮರುಳಾಗುವುದಿಲ್ಲ. ಗೊತ್ತಾಗದಿದ್ದರೆ ಪಕ್ಕಕ್ಕೆ ಇಡುತ್ತಾರೆ. ಅಮ್ಮಿ ಓದಿದ್ದು ಏಳನೇ ತರಗತಿ. ವಿಜ್ಞಾನ ಓದುವ ನಾನು ‘ಹಸಿರು ದ್ರಾವಕ’ ಎಂಬ ಪೊಟ್ಟಣವನ್ನು ತಿರುಗಿಸಿಯೂ ನೋಡದೆ ಚಾರ್ಟ್ ಮೇಲೆ ಅಂಟಿಸಿಬಿಟ್ಟೆ. ತಿನ್ನುವ ವಸ್ತುವಿಗೆ ಕೇಳುವ ಪ್ರಶ್ನೆಯನ್ನು ನೀರಿಗೆ, ಮಣ್ಣಿಗೆ ಸೇರುವ ವಸ್ತುವಿಗೂ ಕೇಳಬೇಕಲ್ಲವೇ? ಏನಿದೆ, ಎಲ್ಲಿಂದ ಬಂತು, ಆಮೇಲೆ ಎಲ್ಲಿಗೆ ಹೋಗುತ್ತದೆ?

ಇದನ್ನೆಲ್ಲ ಬರೆಯುತ್ತಿರುವಾಗ ನಮ್ಮದೇ ಕೆಮಿಸ್ಟ್ರಿ ಲ್ಯಾಬ್ ಕಣ್ಣ ಮುಂದೆ ಬಂತು. ಕ್ಯಾಲಿಫೋರ್ನಿಯಾ, ನ್ಯೂಕ್ಯಾಸಲ್ ಬಗ್ಗೆ ಬರೆಯುವ ನಾವು ಲವಣ ವಿಶ್ಲೇಷಣೆ ಮುಗಿದ ಮೇಲೆ ಏನು ಮಾಡುತ್ತೇವೆ? ಸೀಸದ ನೈಟ್ರೇಟ್, ಬೇರಿಯಂ ಕ್ಲೋರೈಡ್, ತಾಮ್ರದ ಸಲ್ಫೇಟ್ ಎಲ್ಲವನ್ನೂ ಸಿಂಕಿಗೆ ಸುರಿದು ನಲ್ಲಿ ಬಿಡುತ್ತೇವೆ. ಬ್ಯಾಚ್ ಮುಗಿಯುವಷ್ಟರಲ್ಲಿ ಸಿಂಕು ಶುಭ್ರ. ನಾನೂ ಹಾಗೇ ಮಾಡಿದ್ದೇನೆ. ಆ ಪೈಪು ಎಲ್ಲಿಗೆ ಹೋಗುತ್ತದೆ ಎಂದು ಕಳೆದ ವಾರ ಮೊದಲ ಸಲ ಲ್ಯಾಬಿನ ಹಿಂದೆ ಹೋಗಿ ನೋಡಿದೆ. ತೆರೆದ ಚರಂಡಿಗೆ ಸೇರುತ್ತದೆ. ಆ ಬ್ಯಾಕ್ಟೀರಿಯಾದ ಪಂಪಿಗೂ ನಮಗೂ ಏನು ವ್ಯತ್ಯಾಸ? ನಮ್ಮೊಳಗಿಂದ ಹೊರಗೆ ಹೋದರೆ ಸಾಕು.

ಚಿಕ್ಕಂದಿನಲ್ಲಿ ಮದ್ರಸದಲ್ಲಿ ಉಸ್ತಾದರು ಹೇಳಿಕೊಟ್ಟದ್ದು ನಮ್ಮಲ್ಲಿ ಅನೇಕರಿಗೆ ನೆನಪಿರುತ್ತದೆ. ಹರಿಯುವ ನದಿಯ ದಡದಲ್ಲಿ ಕೂತು ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದು. ನದಿಯಲ್ಲಿ ಬೇಕಾದಷ್ಟು ನೀರಿದೆ, ಹರಿದು ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂಬ ನೆಪ ಅಲ್ಲಿ ನಡೆಯುವುದಿಲ್ಲ. ಪೋಲು ಮಾಡುವುದೇ ತಪ್ಪಾದರೆ ಕೆಡಿಸುವುದು ಎಷ್ಟು ದೊಡ್ಡ ತಪ್ಪು? ನೀರು ನಮ್ಮ ಕೈಗೆ ಬಂದಿರುವ ಅಮಾನತ್ತು. ನಮ್ಮ ಸಿಂಕಿನಿಂದ ಕೆಳಗೆ ಇಳಿದ ಮೇಲೂ ಅದು ಅಮಾನತ್ತೇ.

ಹಾಗಾಗಿ ನನ್ನದು ಮೂರು ಸಲಹೆ. ದೊಡ್ಡ ಖರ್ಚಿನದ್ದು ಯಾವುದೂ ಇಲ್ಲ.

ಒಂದು, ಮುಂದಿನ ವರ್ಷದ ವಸ್ತುಪ್ರದರ್ಶನದಲ್ಲಿ ಪ್ರತಿ ಚಾರ್ಟಿನ ಕೊನೆಗೆ ಒಂದು ಚೌಕ ಕಡ್ಡಾಯ ಮಾಡೋಣ: ‘ಬಳಸಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ?’ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದೇ ಬರೆಯಲಿ. ನಮ್ಮ ಚಾರ್ಟಿನಲ್ಲಿ ಅಷ್ಟಾದರೂ ಇದ್ದಿದ್ದರೆ ನಾನು ಅಬ್ಬುವಿನ ಮುಂದೆ ತಲೆ ತಗ್ಗಿಸಬೇಕಾಗಿರಲಿಲ್ಲ.

ಎರಡು, ಲ್ಯಾಬಿನಲ್ಲಿ ಸಿಂಕಿನ ಪಕ್ಕ ಎರಡು ದೊಡ್ಡ ಪ್ಲಾಸ್ಟಿಕ್ ಜಾಡಿ ಇಡೋಣ. ಒಂದು ಸೀಸ, ಬೇರಿಯಂ ಇರುವ ದ್ರಾವಣಗಳಿಗೆ, ಇನ್ನೊಂದು ತಾಮ್ರದಂತಹ ಬೇರೆ ಲೋಹಗಳಿಗೆ. ಸೀಸ ಮತ್ತು ಬೇರಿಯಂ ಎರಡೂ ಸಲ್ಫೇಟ್ ಆಗಿ ತಳಕ್ಕೆ ಕೂರುತ್ತವೆ ಎಂದು ನಾವು ಪರೀಕ್ಷೆಗೆ ಓದಿದ್ದೇವೆ. ಆ ಪಾಠವನ್ನು ಉಪನ್ಯಾಸಕರ ಸಮ್ಮುಖದಲ್ಲಿ ಜಾಡಿಯಲ್ಲೇ ಮಾಡಿ ನೋಡಬಹುದು. ತಳದಲ್ಲಿ ಉಳಿದ ಗಸಿಯನ್ನು ಯಾರಿಗೆ ಒಪ್ಪಿಸಬೇಕು ಎಂಬುದನ್ನು ಕೇಳಿ ತಿಳಿದುಕೊಳ್ಳೋಣ. ಜಾಡಿಗಳ ಹಣವನ್ನು ನಮ್ಮ ತರಗತಿಯವರೇ ಕೂಡಿಸಲು ಒಪ್ಪಿದ್ದೇವೆ. ಉಪನ್ಯಾಸಕರ ಅನುಮತಿ ಬೇಕು ಅಷ್ಟೇ.

ಮೂರು, ಜೀವಕೋಶವನ್ನು ಕೇಳುವುದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಎರಡು ಬಾಟಲಿಯಲ್ಲಿ ಉಗುರು ಬೆಚ್ಚಗಿನ ನೀರು, ಒಂದೊಂದು ಚಮಚ ಸಕ್ಕರೆ, ನಾನ್ ಮಾಡಲು ಬಳಸುವ ಯೀಸ್ಟ್ ಹಾಕಿ. ಒಂದಕ್ಕೆ ಮಾತ್ರ ಸ್ವಲ್ಪ ಕಂಡೀಷನರ್ ಬೆರೆಸಿ. ಎರಡರ ಬಾಯಿಗೂ ಬಲೂನು ಕಟ್ಟಿ. ಒಂದು ಗಂಟೆಯ ಮೇಲೆ ಯಾವ ಬಲೂನು ಎಷ್ಟು ಉಬ್ಬಿದೆ ನೋಡಿ. ಪ್ರಮಾಣ ಬದಲಿಸಿ ಮತ್ತೆ ನೋಡಿ. ಉತ್ತರವನ್ನು ನಾನು ಹೇಳುವುದಿಲ್ಲ. ಪ್ರಥಮ ಪಿಯುಸಿಯ ಯಾರಾದರೂ ಮಾಡಿ ಮುಂದಿನ ಸಂಚಿಕೆಗೆ ಬರೆದರೆ ಸಂತೋಷ.

ನಮ್ಮ ಹಳೆಯ ಚಾರ್ಟ್ ಇನ್ನೂ ಮನೆಯಲ್ಲೇ ಇದೆ. ಬಿಸಾಡಲು ಮನಸ್ಸಾಗಲಿಲ್ಲ. ಮೊನ್ನೆ ಅದರ ಶೀರ್ಷಿಕೆಯ ಕೊನೆಗೆ ಸ್ಕೆಚ್ ಪೆನ್ನಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಕೆಲಸದಿಂದ ಬಂದ ಅಬ್ಬು ಅದನ್ನು ನೋಡಿ, ‘ಉತ್ತರ ಸಿಕ್ಕಿತಾ?’ ಎಂದು ಕೇಳಿದರು. ‘ಸ್ವಲ್ಪ ಸಿಕ್ಕಿತು’ ಎಂದೆ. ಅಂಗಿಯಿಂದ ಥಿನ್ನರ್ ವಾಸನೆ ಬರುತ್ತಿತ್ತು. ಆ ಪ್ರಶ್ನೆಗೆ ಇನ್ನೂ ಉತ್ತರ ಹುಡುಕಬೇಕಿದೆ.